ಮೆಂಡಲೀವ್: ಪಾಠದ ಕ್ರಮಕ್ಕಾಗಿ ತಲೆಕೆಡಿಸಿಕೊಂಡ ಮೇಷ್ಟ್ರು

ನಾನು ಪಿಯುಸಿ ಓದಿದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಗೋಡೆ ಮೇಲೆ ಒಂದು ಪೀರಿಯಾಡಿಕ್ ಟೇಬಲ್ ಚಾರ್ಟ್ ಇತ್ತು. ಅದರ ಕೆಳಗಿನ ಎರಡು ಸಾಲನ್ನು ಗೆದ್ದಲು ತಿಂದಿತ್ತು. ಲ್ಯಾಂಥನೈಡು, ಆಕ್ಟಿನೈಡುಗಳ ಮೇಲೆ ಹೆಚ್ಚು ಪ್ರಶ್ನೆ ಬರೋದಿಲ್ಲವಾದ್ದರಿಂದ ಯಾರಿಗೂ ಅದರ ಚಿಂತೆ ಇರಲಿಲ್ಲ. ಉಳಿದದ್ದನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆವು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಮಗೆ ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಉರು ಹೊಡೆಯುವುದೇ ಸುಲಭವಾಗಿತ್ತು. ಇದು ಯಾಕೆ ಹೀಗಿದೆ ಅಂತ ಒಬ್ಬಳು ಕೇಳಿದ್ದಕ್ಕೆ, ಸಿಇಟಿಯಲ್ಲಿ ಯಾಕೆ ಅಂತ ಕೇಳಲ್ಲ, ಯಾವುದು ಅಂತ ಕೇಳ್ತಾರೆ ಎಂಬ ಅರ್ಥದ ಉತ್ತರ ಬಂತು. ಆ ಉತ್ತರ ತಪ್ಪೇನೂ ಆಗಿರಲಿಲ್ಲ. ನನಗೆ ಸೀಟು ಸಿಕ್ಕಿತು, ಇಂಜಿನಿಯರಿಂಗ್ ಮುಗಿಯಿತು, ಎಲ್ಲ ಮರೆತೂ ಹೋಯಿತು.

ಮತ್ತೆ ನೆನಪಾಗಿದ್ದು 2023ರಲ್ಲಿ. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠದ ಜೊತೆಗೆ ಧಾತುಗಳ ಆವರ್ತಕ ವರ್ಗೀಕರಣದ ಅಧ್ಯಾಯವನ್ನೂ ತೆಗೆದಿದೆ ಅಂತ ಗಲಾಟೆ ಎದ್ದಿತ್ತಲ್ಲ, ಆಗ. ಮಕ್ಕಳ ಹೊರೆ ಇಳಿಸಿದ್ದೇವೆ, ಹನ್ನೊಂದನೇ ತರಗತಿಯಲ್ಲಿ ಪಾಠ ಹಾಗೇ ಇದೆ ಅನ್ನೋದು ಅವರ ಸಮಜಾಯಿಷಿ. ಡಾರ್ವಿನ್ ಬಗ್ಗೆ ಎಲ್ಲರೂ ಬರೆಯುತ್ತಿದ್ದರು, ನಾನು ಕೆಮಿಸ್ಟ್ರಿ ಬಗ್ಗೆ ಬರೆಯೋಣ ಅಂತ ಕೂತೆ. ಕೂತ ಮೇಲೆ ಗೊತ್ತಾಯಿತು, ಆ ಟೇಬಲ್ ಮಾಡಿದ ಮನುಷ್ಯನ ಬಗ್ಗೆ ನನಗೆ ಗಡ್ಡ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸಿಲೆಬಸ್‌ನಿಂದ ತೆಗೆದ ಆ ಟೇಬಲ್ ಹುಟ್ಟಿದ್ದೇ ಒಂದು ಸಿಲೆಬಸ್ ಸಮಸ್ಯೆಯಿಂದ ಅನ್ನೋದಂತೂ ಗೊತ್ತೇ ಇರಲಿಲ್ಲ.

ದಿಮಿತ್ರಿ ಇವಾನೊವಿಚ್ ಮೆಂಡಲೀವ್ ಹುಟ್ಟಿದ್ದು 1834ರ ಫೆಬ್ರವರಿ 8ರಂದು, ಸೈಬೀರಿಯಾದ ತೊಬೋಲ್ಸ್ಕ್‌ನಲ್ಲಿ. ದೊಡ್ಡ ಕುಟುಂಬದ ಕಟ್ಟಕಡೆಯ ಕೂಸು. ಅಪ್ಪ ಊರಿನ ಪ್ರೌಢಶಾಲೆಯ ಮುಖ್ಯಸ್ಥ. ಈತ ಹುಟ್ಟಿದ ಆಸುಪಾಸಿನಲ್ಲೇ ಅವರ ಕಣ್ಣು ಹೋಯಿತು, ಕಣ್ಣಿನ ಜೊತೆ ಕೆಲಸವೂ ಹೋಯಿತು. ಪಿಂಚಣಿ ಸಾಲದು. ಆಗ ತಾಯಿ ಮಾರಿಯಾ ತನ್ನ ತವರಿನವರ ಒಂದು ಗಾಜಿನ ಕಾರ್ಖಾನೆಯನ್ನು ವಹಿಸಿಕೊಂಡಳು. ಅಷ್ಟು ಮಕ್ಕಳು, ಕುರುಡು ಗಂಡ, ಕುಲುಮೆ, ಕೂಲಿಯವರ ಲೆಕ್ಕ ಎಲ್ಲವೂ ಒಬ್ಬಳ ತಲೆ ಮೇಲೆ. ಮರಳು, ಸೋಡಾ, ಸುಣ್ಣ ಕರಗಿ ಗಾಜಾಗುವುದನ್ನು ಹುಡುಗ ನೋಡುತ್ತಾ ಬೆಳೆದ.

ತೊಬೋಲ್ಸ್ಕ್ ಎಂದರೆ ಗಡೀಪಾರಿನ ಊರು. 1825ರಲ್ಲಿ ಝಾರ್ ವಿರುದ್ಧ ದಂಗೆ ಎದ್ದು ಸೋತ ಡಿಸೆಂಬ್ರಿಸ್ಟರಲ್ಲಿ ಕೆಲವರು ಶಿಕ್ಷೆ ಮುಗಿಸಿ ಆ ಸೀಮೆಯಲ್ಲೇ ನೆಲೆಸಿದ್ದರು. ಅವರಲ್ಲೊಬ್ಬ ಬಸಾರ್ಗಿನ್ ಮುಂದೆ ಮೆಂಡಲೀವನ ಅಕ್ಕ ಓಲ್ಗಾಳನ್ನು ಮದುವೆಯಾದ. ಅಂದರೆ ರಾಜದ್ರೋಹಿ ಅನ್ನಿಸಿಕೊಂಡವರು ಈ ಹುಡುಗನ ಪಾಲಿಗೆ ಪತ್ರಿಕೆಯ ಸುದ್ದಿಯಾಗಿರಲಿಲ್ಲ, ಮನೆಯ ನೆಂಟರಾಗಿದ್ದರು. ಶಾಲೆಯಲ್ಲಿ ಆತ ಅಂಥಾ ಜಾಣನೇನೂ ಅಲ್ಲ. ಲ್ಯಾಟಿನ್ ಅಂದರೆ ಆಗುತ್ತಿರಲಿಲ್ಲ.

1847ರಲ್ಲಿ ಅಪ್ಪ ತೀರಿಕೊಂಡರು, ಮರುವರ್ಷ ಕಾರ್ಖಾನೆ ಸುಟ್ಟು ಬೂದಿಯಾಯಿತು. ಐವತ್ತು ದಾಟಿದ್ದ ಮಾರಿಯಾ 1849ರಲ್ಲಿ ಈ ಕಿರಿಯ ಮಗನನ್ನೂ ಮಗಳು ಲಿಜಾಳನ್ನೂ ಕಟ್ಟಿಕೊಂಡು ಮಾಸ್ಕೋಗೆ ಹೊರಟಳು. ಸುಮಾರು ಎರಡು ಸಾವಿರ ಕಿಲೋಮೀಟರ್, ರೈಲಿಲ್ಲದ ಕಾಲ. ಅಲ್ಲಿನ ವಿಶ್ವವಿದ್ಯಾಲಯ ಬಾಗಿಲು ತೆರೆಯಲಿಲ್ಲ. ನಿಮ್ಮ ಶೈಕ್ಷಣಿಕ ವಲಯ ಬೇರೆ, ಅಲ್ಲಿಗೇ ಹೋಗಿ ಅನ್ನೋ ನಿಯಮ. ಅಡ್ಮಿಶನ್ ಕೌಂಟರಿನಲ್ಲಿ ತಾಲೂಕು, ಜಿಲ್ಲೆ, ಕೋಟಾ ಅಂತ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕೆ ಅಲ್ಲಿಂದ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಳು. ಗಂಡ ಓದಿದ್ದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಕೊನೆಗೂ 1850ರಲ್ಲಿ ಮಗನಿಗೆ ಸೀಟು ಸಿಕ್ಕಿತು. ಅದೇ ವರ್ಷ ಆಕೆ ಸತ್ತಳು. ಮೂವತ್ತೇಳು ವರ್ಷ ಕಳೆದು, 1887ರಲ್ಲಿ, ದ್ರಾವಣಗಳ ಮೇಲಿನ ತನ್ನ ಗ್ರಂಥವನ್ನು ಆತ ಅರ್ಪಿಸಿದ್ದು ಆಕೆಯ ನೆನಪಿಗೆ.

ಇಲ್ಲಿ ಒಂದು ಮಾತು ಗಮನಿಸಿ. ಮೆಂಡಲೀವ್ ವಿಜ್ಞಾನಿಯಾಗಲು ತರಬೇತಾದವನಲ್ಲ, ಮೇಷ್ಟ್ರಾಗಲು. 1855ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಿದ್ದ ಆತನನ್ನು ಕಳಿಸಿದ್ದು ಕ್ರಿಮಿಯಾದ ಸಿಮ್ಫೆರೊಪೋಲ್‌ನ ಶಾಲೆಗೆ. ಅಲ್ಲಿ ಯುದ್ಧ ನಡೆಯುತ್ತಿತ್ತು, ಶಾಲೆ ಮುಚ್ಚಿತ್ತು. ಒಡೆಸ್ಸಾದಲ್ಲಿ ಕೆಲಕಾಲ ಪಾಠ ಮಾಡಿ ರಾಜಧಾನಿಗೆ ವಾಪಸಾದ, ಸ್ನಾತಕೋತ್ತರ ಪದವಿ ಮುಗಿಸಿದ, 1859ರಲ್ಲಿ ಸರ್ಕಾರದ ಖರ್ಚಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋದ.

ಅಲ್ಲಿದ್ದಾಗಲೇ, 1860ರ ಸೆಪ್ಟೆಂಬರಿನಲ್ಲಿ, ಹತ್ತಿರದ ಕಾರ್ಲ್ಸ್‌ರೂಹದಲ್ಲಿ ರಸಾಯನಶಾಸ್ತ್ರಜ್ಞರ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಫಸ್ಟ್ ಪಿಯುಸಿಯ ಮೊದಲ ಅಧ್ಯಾಯ ನೆನಪಿದೆಯಾ, ಮೋಲ್ ಕಾನ್ಸೆಪ್ಟ್? ಅದರ ಹಿಂದಿನ ಜಗಳ ಇದೇ. ಆಗ ಆಮ್ಲಜನಕದ ಪರಮಾಣು ತೂಕ ಒಬ್ಬರಿಗೆ 8, ಇನ್ನೊಬ್ಬರಿಗೆ 16. ನೀರಿನಲ್ಲಿ ಹೈಡ್ರೋಜನ್ ಒಂದೋ ಎರಡೋ ಅನ್ನೋದರ ಬಗ್ಗೆಯೇ ಒಮ್ಮತ ಇರಲಿಲ್ಲ. ಪರಮಾಣು ಯಾವುದು, ಅಣು ಯಾವುದು ಎಂದು ಖಚಿತವಾಗದೆ ತೂಕ ಹೇಗೆ ಖಚಿತವಾಗುತ್ತೆ? ಇಟಲಿಯ ಕನ್ನಿಜಾರೋ ಎಂಬ ಮೇಷ್ಟ್ರು ಅವೊಗಾಡ್ರೋನ ಹಳೆಯ ಊಹೆಯನ್ನು ಎತ್ತಿಹಿಡಿದ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಒಪ್ಪಿದರೆ ಗೊಂದಲ ಬಿಡಿಸಬಹುದು ಎಂದ. ತಾನು ಜಿನೋವಾದಲ್ಲಿ ಮಾಡುತ್ತಿದ್ದ ಪಾಠದ ಸಾರಾಂಶವನ್ನೇ ಅಲ್ಲಿ ಕೈಪಿಡಿಯಾಗಿ ಹಂಚಿಸಿದ. ಅದನ್ನು ಓದಿ ತಲೆಗೆ ಹಚ್ಚಿಕೊಂಡವರಲ್ಲಿ ಇಪ್ಪತ್ತಾರರ ಮೆಂಡಲೀವ್ ಒಬ್ಬ, ಜರ್ಮನಿಯ ಲೋಥಾರ್ ಮೇಯರ್ ಇನ್ನೊಬ್ಬ.

1861ರಲ್ಲಿ ಆತ ರಷ್ಯಾಕ್ಕೆ ಮರಳಿದಾಗ ಜೀತ ರದ್ದಾಗಿತ್ತು, ವಿದ್ಯಾರ್ಥಿಗಳು ಬೀದಿಯಲ್ಲಿದ್ದರು. ಆ ವರ್ಷದ ಕೊನೆಗೆ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನೇ ಸರ್ಕಾರ ಮುಚ್ಚಿತು. ಕೈಯಲ್ಲಿ ಕಾಸಿಲ್ಲದ ಮೆಂಡಲೀವ್ ಕೆಲವೇ ತಿಂಗಳಲ್ಲಿ ಒಂದು ಸಾವಯವ ರಸಾಯನಶಾಸ್ತ್ರದ ಪಠ್ಯ ಬರೆದ, ಅದಕ್ಕೆ ಡೆಮಿಡೋವ್ ಬಹುಮಾನವೂ ಬಂತು. 1865ರಲ್ಲಿ ನೀರು ಮತ್ತು ಆಲ್ಕೋಹಾಲ್ ಬೆರಕೆಯ ಮೇಲೆ ಡಾಕ್ಟರೇಟ್. (ವೋಡ್ಕಾಕ್ಕೆ ಶೇ. 40 ಅಂತ ನಿಗದಿ ಮಾಡಿದ್ದು ಇವನೇ ಅನ್ನೋ ಕಥೆ ಇದೆ. ಆ ಲೆಕ್ಕ ಸರ್ಕಾರಿ ಕಡತಕ್ಕೆ ಬಂದಾಗ ಈತ ಒಂಬತ್ತು ವರ್ಷದ ಹುಡುಗ.) 1867ರಲ್ಲಿ ವಿಶ್ವವಿದ್ಯಾಲಯದ ಸಾಮಾನ್ಯ ರಸಾಯನಶಾಸ್ತ್ರದ ಪ್ರೊಫೆಸರ್ ಆದ. ಅಲ್ಲಿಂದ ತಲೆನೋವು ಶುರು.

ತರಗತಿ ತುಂಬಿ ತುಳುಕುತ್ತಿತ್ತು. ಹೊಸ ಪರಮಾಣು ತೂಕಗಳನ್ನು ಆಧರಿಸಿದ, ಮಕ್ಕಳ ಕೈಗೆ ಕೊಡಬಹುದಾದ ರಷ್ಯನ್ ಪುಸ್ತಕ ಒಂದೂ ಇಲ್ಲ. ಸರಿ, ನಾನೇ ಬರೆಯುತ್ತೇನೆ ಅಂತ ಹೊರಟ. ಅದೇ ರಸಾಯನಶಾಸ್ತ್ರದ ತತ್ವಗಳು ಎಂಬ ಗ್ರಂಥ. ಆಗ ಗೊತ್ತಿದ್ದ ಧಾತುಗಳು 63. ಮೊದಲ ಸಂಪುಟದಲ್ಲಿ ಹೈಡ್ರೋಜನ್, ಆಮ್ಲಜನಕ, ಸಾರಜನಕ, ಇಂಗಾಲ ಮತ್ತು ಹ್ಯಾಲೊಜನ್‌ಗಳನ್ನು ವಿಸ್ತಾರವಾಗಿ ವಿವರಿಸುತ್ತಾ ಹೋದ. ಸಂಪುಟ ಮುಗಿಯಿತು, ಧಾತುಗಳು ಮುಗಿಯಲಿಲ್ಲ. ಐವತ್ತಕ್ಕೂ ಹೆಚ್ಚು ಬಾಕಿ, ಇನ್ನೊಂದೇ ಸಂಪುಟ. ಡಿಸೆಂಬರ್ ಬಂದರೂ ಅರ್ಧ ಪೋರ್ಷನ್ ಮುಗಿಯದ ನಮ್ಮ ಲೆಕ್ಚರರ್‌ಗಳ ಪರಿಸ್ಥಿತಿಯೇ ಅದು. ಅವರು ಕಂಡುಕೊಂಡ ದಾರಿ ಸ್ಪೆಶಲ್ ಕ್ಲಾಸು, ಕ್ವೆಶ್ಚನ್ ಬ್ಯಾಂಕು. ಮೆಂಡಲೀವ್ ಮಾತ್ರ ಬೇರೆ ಪ್ರಶ್ನೆ ಹಾಕಿಕೊಂಡ: ಒಂದೊಂದಾಗಿ ಹೇಳದೆ, ಒಂದನ್ನು ಹೇಳಿದರೆ ಅದರ ನೆರೆಹೊರೆಯೂ ಅರ್ಥವಾಗುವಂಥ ಕ್ರಮ ಇದೆಯಾ?

ಹ್ಯಾಲೊಜನ್ ಆಯಿತು, ಎರಡನೇ ಸಂಪುಟದ ಆರಂಭಕ್ಕೆ ಸೋಡಿಯಂ, ಪೊಟಾಸಿಯಂಗಳ ಕ್ಷಾರ ಲೋಹಗಳನ್ನು ಇಟ್ಟ. ಗುಣದಲ್ಲಿ ಎರಡೂ ಎಣ್ಣೆ ಸೀಗೆಕಾಯಿ. ಆದರೆ ತೂಕ ನೋಡಿ: ಕ್ಲೋರಿನ್ 35.5, ಪೊಟಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಪ್ರತಿ ಹ್ಯಾಲೊಜನ್‌ನ ಪಕ್ಕದಲ್ಲೇ ಒಂದು ಕ್ಷಾರ ಲೋಹ, ಅದರ ಪಕ್ಕದಲ್ಲಿ ಕ್ಯಾಲ್ಸಿಯಂ ಕುಟುಂಬದ ಒಂದು. ತೂಕದ ಸಾಲಿನಲ್ಲಿ ನಡೆದರೆ ಗುಣಗಳು ಮತ್ತೆ ಮತ್ತೆ ವಾಪಸು ಬರುತ್ತವೆ, ತಿರುಗಣಿಯ ಹಾಗೆ. ಇಷ್ಟೇ ವಿಷಯ. ಆದರೆ ಯಾರೂ 63ನ್ನೂ ಒಟ್ಟಿಗೆ ಹೀಗೆ ಹಟ ಹಿಡಿದು ಕೂರಿಸಿ ನೋಡಿರಲಿಲ್ಲ.

ಆ ದಿನ 1869ರ ಮಾರ್ಚ್ 1, ಆಗಿನ ರಷ್ಯನ್ ಕ್ಯಾಲೆಂಡರಿನಲ್ಲಿ ಫೆಬ್ರವರಿ 17. ಆತ ಅವತ್ತು ಹೊರಡಬೇಕಿದ್ದದ್ದು ಹಳ್ಳಿಗಳ ಗಿಣ್ಣು, ಅಂದರೆ ಚೀಸ್ ತಯಾರಿಸುವ ಸಹಕಾರಿ ಸಂಘಗಳ ತಪಾಸಣೆಗೆ. ಅದರ ಬಗ್ಗೆ ಬಂದಿದ್ದ ಪತ್ರದ ಹಿಂಬದಿಯಲ್ಲೇ ಮೊದಲ ಲೆಕ್ಕ ಗೀಚಿದ. ಆ ಹಾಳೆ ಇಂದಿಗೂ ಉಳಿದಿದೆ. ಕನಸಿನಲ್ಲಿ ಇಡೀ ಟೇಬಲ್ ಕಂಡಿತಂತೆ ಅನ್ನೋ ಜನಪ್ರಿಯ ಕಥೆ ಬಹಳ ವರ್ಷಗಳ ನಂತರ ಬಾಯಿಂದ ಬಾಯಿಗೆ ಬಂದದ್ದು. ನನಗೆ ಕನಸಿಗಿಂತ ಗೀಚಿ ಹೊಡೆದುಹಾಕಿದ ಹಾಳೆಗಳೇ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಕೆಲವೇ ದಿನಗಳಲ್ಲಿ ಟೇಬಲ್ ಅಚ್ಚಾಗಿ ಹಲವರಿಗೆ ಹೋಯಿತು. ರಷ್ಯನ್ ಕೆಮಿಕಲ್ ಸೊಸೈಟಿಯಲ್ಲಿ ಅದನ್ನು ಮಂಡಿಸಿದ್ದು ಗೆಳೆಯ ಮೆನ್ಶುಟ್ಕಿನ್. ಕರ್ತೃ ಅವತ್ತು ಊರಲ್ಲಿರಲಿಲ್ಲ.

ಒಬ್ಬನೇ ಕಂಡುಹಿಡಿದ ಅನ್ನುವುದೂ ಸರಿಯಲ್ಲ. ಲೋಥಾರ್ ಮೇಯರ್ ಹೆಚ್ಚುಕಡಿಮೆ ಅಲ್ಲಿಗೇ ಬಂದಿದ್ದ, ಅವನೂ ಪಠ್ಯಪುಸ್ತಕ ಬರೆಯುತ್ತಲೇ. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್, ಫ್ರಾನ್ಸಿನ ಡಿ ಶಾಂಕೋರ್ಟ್ವಾ ಕೂಡ ಸುಳಿವು ಹಿಡಿದಿದ್ದರು. ಮೆಂಡಲೀವ್ ಬೇರೆಯಾಗುವುದು ಗೊತ್ತಿಲ್ಲದ್ದನ್ನು ನಡೆಸಿಕೊಂಡ ರೀತಿಯಲ್ಲಿ. ಕೂರದ ಕಡೆ ಬಲವಂತವಾಗಿ ಧಾತುವನ್ನು ತುರುಕದೆ, ಚೌಕಾಬಾರದ ಮನೆ ಹಾಗೆ ಖಾಲಿ ಬಿಟ್ಟ. ತೂಕವೇ ತಪ್ಪಿದೆ ಅನ್ನಿಸಿದ ಕಡೆ ತೂಕವನ್ನೇ ಪ್ರಶ್ನಿಸಿದ. ಯುರೇನಿಯಂನದ್ದು 120 ಅಲ್ಲ, ಅದರ ಎರಡರಷ್ಟು ಎಂದ, ಸರಿಯಾಯಿತು. ಟೆಲ್ಯೂರಿಯಂ ಅಯೋಡಿನ್‌ಗಿಂತ ಹಗುರ ಇರಲೇಬೇಕು ಎಂದ, ತಪ್ಪಾಯಿತು. ಅದರ ತೂಕ ಹೆಚ್ಚೇ. ಆದರೆ ಅವನು ಕೂರಿಸಿದ ಜಾಗ ಸರಿಯಿತ್ತು. ಕಾರಣ ತಿಳಿದದ್ದು 1913ರಲ್ಲಿ, ಕ್ರಮ ನಿರ್ಧರಿಸುವುದು ತೂಕವಲ್ಲ, ಪರಮಾಣು ಸಂಖ್ಯೆ ಎಂದು ಮೋಸ್ಲಿ ಎಕ್ಸ್‌ರೇ ಹಿಡಿದು ತೋರಿಸಿದಾಗ.

1871ರಲ್ಲಿ ಮೂರು ಖಾಲಿ ಮನೆಗಳ ಜಾತಕವನ್ನೇ ಬರೆದ. ಅವಕ್ಕೆ ಇಟ್ಟ ತಾತ್ಕಾಲಿಕ ಹೆಸರು ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಹೌದು, ನಮ್ಮ ಏಕವೇ, ಸಂಸ್ಕೃತದ್ದು. ಅಲ್ಯೂಮಿನಿಯಂನಿಂದ ಒಂದು ಮನೆ ಕೆಳಗೆ ಎಂದು ಅರ್ಥ. ಇದನ್ನು ಹಿಡಿದುಕೊಂಡು ಪೀರಿಯಾಡಿಕ್ ಟೇಬಲ್ ವೇದದಲ್ಲೇ ಇತ್ತು ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ಆ ಕಾಲದ ಪೀಟರ್ಸ್‌ಬರ್ಗ್‌ನಲ್ಲಿ ಸಂಸ್ಕೃತ ವಿದ್ವಾಂಸರಿದ್ದರು, ದೊಡ್ಡ ಸಂಸ್ಕೃತ ನಿಘಂಟು ಅಲ್ಲೇ ತಯಾರಾಗುತ್ತಿತ್ತು. ಸಾಲ ತಂದದ್ದು ಸಂಖ್ಯಾಪದ, ಸಿದ್ಧಾಂತವಲ್ಲ.

1875ರಲ್ಲಿ ಫ್ರಾನ್ಸಿನ ಲೆಕಾಕ್ ಡಿ ಬ್ವಾಬೊದ್ರಾನ್ ಗ್ಯಾಲಿಯಂ ಪತ್ತೆಹಚ್ಚಿದ. ಅದರ ಸಾಂದ್ರತೆ 4.7 ಎಂದು ಅಳೆದ. ಆ ಲೋಹವನ್ನು ಕಣ್ಣಿನಲ್ಲೂ ನೋಡಿರದ ಮೆಂಡಲೀವ್, ಇದು ನನ್ನ ಏಕ-ಅಲ್ಯೂಮಿನಿಯಂ, ಸಾಂದ್ರತೆ 5.9ರ ಹತ್ತಿರ ಇರಬೇಕು ಎಂದು ಬರೆದ. ಎಂಥಾ ಸೊಕ್ಕು ಅನ್ನಿಸಬಹುದು. ಆತ ಮತ್ತೆ ಶುದ್ಧಗೊಳಿಸಿ ಅಳೆದಾಗ ಬಂದದ್ದು 5.9. ಸ್ಕ್ಯಾಂಡಿಯಂ 1879ರಲ್ಲಿ ಸಿಕ್ಕಿತು, ಜರ್ಮೇನಿಯಂ 1886ರಲ್ಲಿ. ಏಕ-ಸಿಲಿಕಾನ್‌ನ ತೂಕ 72, ಅದರ ಕ್ಲೋರೈಡು ನೂರು ಡಿಗ್ರಿಗಿಂತ ಕಡಿಮೆಯಲ್ಲಿ ಕುದಿಯಬೇಕು ಎಂದಿದ್ದ. ಜರ್ಮೇನಿಯಂನ ತೂಕ 72ರ ಮೇಲೆ ಸ್ವಲ್ಪ, ಕ್ಲೋರೈಡು ಕುದಿದದ್ದು 86ಕ್ಕೆ.

ಈ ಹೊತ್ತಿಗೆ ಆತ ಯುರೋಪಿಗೆಲ್ಲ ಹೆಸರಾಂತ. ತನ್ನ ಊರಿನಲ್ಲಿ ಮಾತ್ರ ಕಿರಿಕಿರಿ ಗಿರಾಕಿ. ಪೀಟರ್ಸ್‌ಬರ್ಗ್‌ನ ಶ್ರೀಮಂತರ ಮನೆಗಳಲ್ಲಿ ಆತ್ಮಗಳನ್ನು ಕರೆಸುವ ಹುಚ್ಚು ಹಬ್ಬಿದ್ದಾಗ 1875ರಲ್ಲಿ ತನಿಖಾ ಸಮಿತಿ ರಚಿಸಲು ಮುಂದಾದವನು ಇವನೇ. ಒತ್ತಡ ದಾಖಲಿಸುವ ವಿಶೇಷ ಮೇಜು ಮಾಡಿಸಿ, ಮಾಧ್ಯಮಗಳೆಂದು ಹೇಳಿಕೊಂಡವರನ್ನು ಕೂರಿಸಿ, ಇದೆಲ್ಲ ಮೂಢನಂಬಿಕೆ ಎಂದು ಸಮಿತಿ ವರದಿ ಕೊಟ್ಟಿತು. ತಮಾಷೆಯೆಂದರೆ, ಆತ್ಮಗಳನ್ನು ಗಟ್ಟಿಯಾಗಿ ನಂಬಿದ್ದ ರಸಾಯನಶಾಸ್ತ್ರಜ್ಞ ಬುಟ್ಲೆರೊವ್‌ನೇ 1880ರಲ್ಲಿ ಇವನ ಹೆಸರನ್ನು ವಿಜ್ಞಾನ ಅಕಾಡೆಮಿಗೆ ಸೂಚಿಸಿದ. ಜಗಳ ಜಗಳವೇ, ಯೋಗ್ಯತೆ ಯೋಗ್ಯತೆಯೇ. ಅಕಾಡೆಮಿ ಮಾತ್ರ ಒಪ್ಪಲಿಲ್ಲ, ಮತದಲ್ಲಿ ಸೋಲಿಸಿತು. ಪತ್ರಿಕೆಗಳು ಕೆಂಡವಾದವು.

ನನ್ನ ಮಟ್ಟಿಗೆ ಈ ಬದುಕಿನ ನಡುಗಂಬ 1869 ಅಲ್ಲ, 1890. 1884ರ ಹೊಸ ಕಾನೂನು ವಿಶ್ವವಿದ್ಯಾಲಯಗಳ ಸ್ವಾಯತ್ತತೆಯನ್ನು ಕಿತ್ತುಕೊಂಡಿತ್ತು. ರೆಕ್ಟರ್ ಯಾರು, ಪ್ರೊಫೆಸರ್ ಯಾರು ಎಂಬುದೆಲ್ಲ ಮಂತ್ರಿಯ ಕೈಯಲ್ಲಿ. 1890ರ ವಸಂತದಲ್ಲಿ ವಿದ್ಯಾರ್ಥಿಗಳು ಸಿಡಿದೆದ್ದು ಸಭೆ ಸೇರಿದರು, ಬೇಡಿಕೆಗಳ ಮನವಿ ಬರೆದರು. ಅದನ್ನು ಶಿಕ್ಷಣ ಮಂತ್ರಿ ದೆಲ್ಯಾನೊವ್‌ಗೆ ತಲುಪಿಸುವವರು ಯಾರು? ಮೆಂಡಲೀವ್ ಒಪ್ಪಿದ. ಶಾಂತವಾಗಿರಿ, ನಾನು ಕೊಂಡೊಯ್ಯುತ್ತೇನೆ ಎಂಬ ಒಪ್ಪಂದ. ಕೊಂಡೊಯ್ದ ಕೂಡ. ಸರ್ಕಾರಿ ನೌಕರನಾದವನು ಇಂಥ ಕಾಗದ ಪಡೆಯುವಂತಿಲ್ಲ ಎಂಬ ಷರಾ ಬರೆದು ಮನವಿಯನ್ನು ಅವನಿಗೇ ವಾಪಸು ಕಳಿಸಲಾಯಿತು. ಆತ ರಾಜೀನಾಮೆ ಕೊಟ್ಟ. ವಯಸ್ಸು ಐವತ್ತಾರು. ಮೂರು ದಶಕ ಪಾಠ ಮಾಡಿದ ಜಾಗದಿಂದ ಹೊರಬಿದ್ದ.

ಇಲ್ಲಿ ಅವನನ್ನು ಕ್ರಾಂತಿಕಾರಿ ಮಾಡುವ ಆಸೆ ನನಗೂ ಆಯಿತು. ಆದರೆ ಅವನು ಅಲ್ಲ. ಝಾರ್ ಪದ್ಧತಿಯನ್ನು ಒಪ್ಪಿದ್ದವನು, ದೇಶಿ ಕೈಗಾರಿಕೆ ಬೆಳೆಯಲು ಆಮದಿಗೆ ಸುಂಕ ಹಾಕಿ ಅಂತ ದಪ್ಪ ಪುಸ್ತಕ ಬರೆದವನು. ವಿದ್ಯಾರ್ಥಿ ಚಳವಳಿಯ ಎಲ್ಲ ಬೇಡಿಕೆಗೂ ಅವನ ಸಹಮತ ಇದ್ದಿರಲಾರದು. ಹೊರಬಿದ್ದ ಮೇಲೆ ಅದೇ ಸರ್ಕಾರದ ನೌಕಾಪಡೆಗೆ ಹೊಗೆರಹಿತ ಸಿಡಿಮದ್ದು ತಯಾರಿಸಿಕೊಟ್ಟ. ತೂಕ ಮತ್ತು ಅಳತೆಗಳ ಕಚೇರಿಯ ಮುಖ್ಯಸ್ಥನಾದ, ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ. ಆ ಕಚೇರಿಗೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡ ಅನ್ನೋದನ್ನೂ ಹೇಳಲೇಬೇಕು. ಅದಕ್ಕೂ ಎಷ್ಟೋ ಮೊದಲು, ಅವನ ಸಲಹೆಯಂತೆ ಪ್ಲಾಟಿನಂ ಗುಂಪಿನ ಲೋಹಗಳನ್ನು ಬೇರ್ಪಡಿಸುವ ಕೆಲಸ ಮಾಡಿದ ಯೂಲಿಯಾ ಲೆರ್ಮೊಂತೊವಾ 1874ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಳು, ಅದೂ ಜರ್ಮನಿಯಲ್ಲಿ. ರಷ್ಯಾದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿದ್ದವು.

ಹಾಗಾದರೆ 1890ರಲ್ಲಿ ಆತ ಆ ಕಾಗದ ಯಾಕೆ ಹಿಡಿದುಕೊಂಡ? ಮೇಷ್ಟ್ರಾಗಿದ್ದ, ಅದಕ್ಕೆ ಅಂತ ನನ್ನ ಓದು. ವಿದ್ಯಾರ್ಥಿಗೆ ತಲೆ ಇದೆ ಎಂದು ನಂಬಿದವನು ಮಾತ್ರ ಉರು ಹೊಡೆಯದೆ ಅರ್ಥವಾಗುವ ಕ್ರಮಕ್ಕಾಗಿ ಒದ್ದಾಡುತ್ತಾನೆ. ಅದೇ ತಲೆ ಕ್ಲಾಸಿನ ಹೊರಗೆ ಬೇರೆ ಪ್ರಶ್ನೆ ಕೇಳಿದಾಗ ಕಿವಿ ಮುಚ್ಚಿಕೊಳ್ಳೋದು ಅವನಿಗೆ ಕಷ್ಟ. ಇದು ನನ್ನ ಊಹೆ, ಒಪ್ಪದಿದ್ದರೆ ಬಿಡಿ. ಆದರೆ ವಿದ್ಯಾರ್ಥಿಗಳ ಮನವಿಗೆ ಸಹಿ ಹಾಕಿದ ಪ್ರಾಧ್ಯಾಪಕರಿಗೆ ಶೋಕಾಸ್ ನೋಟಿಸು ಹೋಗುವ ಕಾಲದಲ್ಲಿ ಕೂತು ಇದನ್ನು ಓದಿದವನು ನಾನು.

ಕೊನೆಯ ವರ್ಷಗಳಲ್ಲಿ ಅವನ ಕಿವಿಯೂ ಮಂದವಾಯಿತು, ವಿಜ್ಞಾನದ ಮಟ್ಟಿಗೆ. ಆರ್ಗಾನ್ ಸಿಕ್ಕಾಗ ತನ್ನ ಟೇಬಲ್‌ನಲ್ಲಿ ಜಾಗವಿಲ್ಲದ ಅದನ್ನು ಹೊಸ ಧಾತು ಎಂದು ಒಪ್ಪದೆ, ಮೂರು ಸಾರಜನಕ ಸೇರಿದ ಅಣು ಇರಬಹುದು ಎಂದ. ಕಡೆಗೆ ಆ ಇಡೀ ಗುಂಪಿಗೆ ಒಂದು ಕಾಲಮ್ಮೇ ಸೇರಿಸಬೇಕಾಯಿತು. ಪರಮಾಣು ಒಡೆಯುತ್ತದೆ, ಅದರೊಳಗೆ ಎಲೆಕ್ಟ್ರಾನ್ ಇದೆ ಅನ್ನೋದನ್ನು ಅವನು ಮನಸಾರೆ ಒಪ್ಪಲಿಲ್ಲ. 1902ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಯೂರಿ ದಂಪತಿಯ ಪ್ರಯೋಗಾಲಯ ನೋಡಿ ಬಂದ ಮೇಲೂ. ಬದಲಿಗೆ ಹೈಡ್ರೋಜನ್‌ಗಿಂತ ಹಗುರವಾದ ಈಥರ್ ಎಂಬ ಧಾತುವಿಗೆ ಟೇಬಲ್‌ನಲ್ಲಿ ಜಾಗ ಮಾಡಿದ. ಅಂಥ ಧಾತು ಇಲ್ಲವೇ ಇಲ್ಲ. ಗುಣಗಳು ಯಾಕೆ ಮರುಕಳಿಸುತ್ತವೆ ಎಂಬುದಕ್ಕೆ ಉತ್ತರ ಇದ್ದದ್ದು ಅವನು ದೂರವಿಟ್ಟ ಎಲೆಕ್ಟ್ರಾನ್‌ಗಳಲ್ಲೇ. ನಮ್ಮ ಲ್ಯಾಬಿನಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಯ ಉತ್ತರವೂ ಅದೇ: ಹೊರಗಿನ ಕಕ್ಷೆಯ ಎಲೆಕ್ಟ್ರಾನ್ ವಿನ್ಯಾಸ ಪುನರಾವರ್ತನೆ ಆಗುತ್ತೆ, ಅದಕ್ಕೇ ಗುಣವೂ ಆಗುತ್ತೆ. ಒಂದು ನಿಮಿಷದ ಮಾತು.

1906ರ ನೊಬೆಲ್‌ಗೆ ರಸಾಯನಶಾಸ್ತ್ರದ ಸಮಿತಿ ಅವನ ಹೆಸರನ್ನೇ ಶಿಫಾರಸು ಮಾಡಿತ್ತು. ಸ್ವೀಡಿಷ್ ಅಕಾಡೆಮಿಯಲ್ಲಿ ಅದು ಬಿದ್ದುಹೋಗಿ ಫ್ಲೋರಿನ್ ಬೇರ್ಪಡಿಸಿದ ಮೊಯ್ಸಾನ್‌ಗೆ ಹೋಯಿತು. ಅಯಾನು ಸಿದ್ಧಾಂತದ ಆರೇನಿಯಸ್‌ನ ಕೈವಾಡ ಅದರಲ್ಲಿತ್ತು ಎನ್ನುತ್ತಾರೆ. ಮೆಂಡಲೀವ್ ಆ ಸಿದ್ಧಾಂತವನ್ನು ಟೀಕಿಸಿದ್ದ. ಮುಂದಿನ ವರ್ಷ ಫೆಬ್ರವರಿ 2ರಂದು, ಎಪ್ಪತ್ತಮೂರು ತುಂಬಲು ಆರು ದಿನ ಇರುವಾಗ, ಆತ ತೀರಿಕೊಂಡ. ತತ್ವಗಳು ಪುಸ್ತಕ ಅಷ್ಟರಲ್ಲಿ ಎಂಟು ಆವೃತ್ತಿ ಕಂಡಿತ್ತು. ಪ್ರತಿ ಸಲವೂ ತಿದ್ದಿ, ಅಡಿಟಿಪ್ಪಣಿ ಸೇರಿಸಿ, ಹೊಸದಾಗಿ ಬರೆಯುತ್ತಲೇ ಇದ್ದ. ಶವಯಾತ್ರೆಯಲ್ಲಿ ವಿದ್ಯಾರ್ಥಿಗಳು ಅವನ ಟೇಬಲ್ ಅನ್ನು ದೊಡ್ಡದಾಗಿ ಬರೆದು ಹೊತ್ತು ನಡೆದರು.

ಎನ್‌ಸಿಇಆರ್‌ಟಿ ಬಗ್ಗೆ ಬರೆಯಬೇಕೆಂದಿದ್ದ ಲೇಖನ ಆಗ ಮುಗಿಯಲಿಲ್ಲ. ಹನ್ನೊಂದರಲ್ಲಿ ಇದೆಯಲ್ಲ ಅನ್ನೋ ವಾದಕ್ಕೆ ನನ್ನ ತಕರಾರು ಮಾತ್ರ ಈಗಲೂ ಇದೆ. ಹತ್ತಕ್ಕೆ ಶಾಲೆ ಬಿಡುವವರು, ಕಾಮರ್ಸು, ಆರ್ಟ್ಸು, ಐಟಿಐಗೆ ಹೋಗುವವರು ಅದನ್ನು ನೋಡುವುದೇ ಇಲ್ಲ. ಹನ್ನೊಂದಕ್ಕೆ ಬರುವವರಿಗೆ ಸಿಗುವುದು ನನಗೆ ಸಿಕ್ಕಂಥ ಚಾರ್ಟು. ಹೊರೆ ಇಳಿಸಲೆಂದು ತೆಗೆದದ್ದು, ಉಳಿದ ಕೆಮಿಸ್ಟ್ರಿಯ ಹೊರೆ ಇಳಿಸಲೆಂದೇ ಒಬ್ಬ ಮೇಷ್ಟ್ರು ಮಾಡಿದ ಸಾಧನವನ್ನು.

ಕಳೆದ ವರ್ಷ ಊರಿಗೆ ಹೋದಾಗ ಕಾಲೇಜಿನ ಲ್ಯಾಬಿಗೆ ಇಣುಕಿದೆ. ಹಳೇ ಚಾರ್ಟು ಇನ್ನೂ ಇತ್ತು. 1955ರಲ್ಲಿ ತಯಾರಾದ 101ನೇ ಧಾತುವಿಗೆ ಮೆಂಡಲೀವಿಯಂ ಎಂದು ಹೆಸರಿಟ್ಟಿದ್ದಾರೆ. ಅದು ಬರೋದು ಆಕ್ಟಿನೈಡುಗಳ ಸಾಲಿನಲ್ಲಿ, ಗೆದ್ದಲು ತಿಂದ ಕಡೆ.